ಲಗಾಮು ಆಮೇಲೆ, ಮೊದಲು ಕೂರೋದು ಕಲೀರಿ: ಕ್ಲಾಸಿಕಲ್ ಡ್ರೆಸಾಜ್ ಕಲಿಯೋರಿಗೂ ಕಲಿಸೋರಿಗೂ

ಡ್ರೆಸಾಜ್ ಅಂದ್ರೆ ಕುದುರೆನ ಹಂತ ಹಂತವಾಗಿ ಪಳಗಿಸಿ, ಸಣ್ಣ ಸೂಚನೆಗೇ ಸಮತೋಲದಲ್ಲಿ ನಡೆಯೋ ಹಾಗೆ ಮಾಡೋ ಸವಾರಿ ವಿದ್ಯೆ. ಅದನ್ನ ಕಲಿಸೋ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿಗೆ ಹೊಸದಾಗಿ ಸೇರಿದವರ ಕೈಗೆ ಲಗಾಮು ಕೊಡಲ್ಲ, ಪಾದ ಊರೋಕೆ ಸ್ಟಿರಪ್ಪೂ ಕೊಡಲ್ಲ. ಕುದುರೆ ಮೇಲೆ ಹತ್ತಿಸ್ತಾರೆ, ಕುದುರೆನ ಲಂಜ್ ಲೈನಿಗೆ (ಸುತ್ತು ಹಾಕಿಸೋ ಉದ್ದ ಹಗ್ಗಕ್ಕೆ) ಹಾಕ್ತಾರೆ, ನಡುವೆ ನಿಂತ ಹಿರಿಯ ರೈಡರ್ ಸುತ್ತು ಹಾಕಿಸ್ತಾ ಹೋಗ್ತಾರೆ, ಮೇಲಿರೋರ ಕೆಲಸ ಬರೀ ಸರಿಯಾಗಿ ಕೂರೋದು. ಇದು ಒಂದೆರಡು ವಾರದ ಮಾತಲ್ಲ, ತಿಂಗಳುಗಟ್ಟಲೆ ಹೀಗೇ ನಡೆಯತ್ತೆ, ಅಲ್ಲಿ ಪೂರ್ತಿ ರೈಡರ್ ಅನ್ನಿಸಿಕೊಳ್ಳೋ ಹೊತ್ತಿಗೆ ಹತ್ತಿರ ಹತ್ತು ವರ್ಷ ಆಗಿರತ್ತೆ. ನಮ್ಮ ಕಡೆ ಎಷ್ಟೋ ಕಡೆ ಎರಡನೇ ಕ್ಲಾಸಲ್ಲೇ ಲಗಾಮು ಕೊಟ್ಟು "ಎಳೀರಿ, ನಿಲ್ಲತ್ತೆ" ಅಂದುಬಿಡ್ತಾರೆ. ನಿಲ್ಲತ್ತೆ, ಸುಳ್ಳಲ್ಲ, ಆದ್ರೆ ಅದರ ಬೆಲೆ ಕಟ್ಟೋದು ಕುದುರೆ ಬಾಯಿ.

ಯಾಕೆ ಅಂದ್ರೆ, ಬ್ಯಾಲೆನ್ಸ್ ತಪ್ಪಿದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನ ಹಿಡ್ಕೊಳ್ತಾನೆ, ಅದನ್ನ ಯಾರೂ ಬೇಕಂತ ಮಾಡಲ್ಲ. ಕೈಯಲ್ಲಿ ಲಗಾಮಿದ್ರೆ ಅದನ್ನೇ ಹಿಡೀತಾನೆ, ಅದರ ಇನ್ನೊಂದು ತುದಿಯಲ್ಲಿ ಕಬ್ಬಿಣದ ಬಿಟ್ ಇದೆ, ಅದು ಕೂತಿರೋದು ಮುಂದಿನ ಹಲ್ಲು ಮತ್ತೆ ದವಡೆ ಹಲ್ಲಿನ ನಡುವಿನ ಖಾಲಿ ಜಾಗದಲ್ಲಿ, ಅಲ್ಲಿ ಮೂಳೆ ಮೇಲೆ ತೆಳ್ಳಗೆ ಒಂದು ಪದರ ಚರ್ಮ ಅಷ್ಟೇ. ಪ್ರತಿ ಹೆಜ್ಜೆಗೂ ಅಲ್ಲಿ ಕುಕ್ಕಿಸಿಕೊಂಡ ಕುದುರೆ ಕತ್ತು ಮೇಲೆತ್ತತ್ತೆ, ಬೆನ್ನು ಗಟ್ಟಿ ಮಾಡತ್ತೆ, ಬೆನ್ನು ಗಟ್ಟಿಯಾದ್ರೆ ನೀವು ಇನ್ನೂ ಜಾಸ್ತಿ ಎಗರ್ತೀರಿ, ಇನ್ನೂ ಬಿಗಿಯಾಗಿ ಹಿಡೀತೀರಿ. ಡ್ರೆಸಾಜ್ ಕಲಿಯೋದು ಅಂದ್ರೆ ಮೊದಲು ಈ ಸುತ್ತಿಂದ ಹೊರಗೆ ಬರೋದು. ಕುದುರೆ ಡ್ಯಾನ್ಸ್ ಮಾಡೋದೆಲ್ಲ ಅದಾದ ಮೇಲೆ.

ಈ ಗೈಡು ಈಗಾಗಲೇ ವಾಕ್ (ನಡಿಗೆ), ಟ್ರಾಟ್ (ಕುಕ್ಕುಲೋಟ), ಕ್ಯಾಂಟರ್ (ನಿಧಾನ ನಾಗಾಲೋಟ) ಒಂದು ಮಟ್ಟಕ್ಕೆ ಮಾಡ್ತಿರೋರಿಗೆ, ಮತ್ತೆ ಅವರಿಗೆ ಹೇಳಿಕೊಡೋರಿಗೆ. ಕುದುರೆ ಹತ್ತೋದೇ ಗೊತ್ತಿಲ್ಲ ಅನ್ನೋರು ಮೊದಲು ಒಳ್ಳೆ ರೈಡಿಂಗ್ ಸ್ಕೂಲ್ ನೋಡ್ಕೊಳ್ಳಿ, ಇದನ್ನ ಓದಿ ಮನೇಲಿ ಟ್ರೈ ಮಾಡೋ ವಿಷಯ ಅಲ್ಲ.

ಲಂಜ್ ಲೆಸನ್

ಕುದುರೆ ಆರಿಸೋದ್ರಲ್ಲೇ ಅರ್ಧ ಕೆಲಸ ಮುಗಿಯತ್ತೆ. ಶಾಂತವಾಗಿರ್ಬೇಕು, ಒಂದೇ ಸ್ಪೀಡಲ್ಲಿ ಸುತ್ತು ಹಾಕ್ಬೇಕು, ಮಾತು ಕೇಳ್ಬೇಕು. ವಿಯೆನ್ನಾದಲ್ಲಿ ಹೊಸ ಹುಡುಗ ಹುಡುಗೀರಿಗೆ ಕಲಿಸೋದು ಹಳೇ, ಪೂರ್ತಿ ಪಳಗಿದ ಲಿಪಿಜಾನರ್ ತಳಿಯ ಗಂಡು ಕುದುರೆಗಳು, ಎಳೇ ಕುದುರೆಗಳಿಗೆ ಕಲಿಸೋದು ಹಳೇ ರೈಡರ್ಸ್. ಹೊಸ ರೈಡರ್ ಪ್ಲಸ್ ಹೊಸ ಕುದುರೆ ಅನ್ನೋ ಜೋಡಿಗೆ ಅಲ್ಲಿ ಜಾಗ ಇಲ್ಲ, ನೀವೂ ಅದನ್ನ ಮಾಡ್ಬೇಡಿ. ಹಾಗೇ, ಹುಡುಗೀರು ಅಂತ ಹೇಳ್ತಿದೀನಿ, ಆದ್ರೆ ಅಲ್ಲಿ ಹೆಣ್ಣುಮಕ್ಕಳನ್ನ ರೈಡರ್ ಟ್ರೈನಿಂಗಿಗೆ ತಗೊಂಡಿದ್ದೇ 2008ರಲ್ಲಿ. 16ನೇ ಶತಮಾನದಿಂದ ಇರೋ ಜಾಗ ಅದು!

ಬೇಕಾಗಿರೋದು: ಮೂಗಿನ ಮೇಲೆ ಕೂರೋ ಕ್ಯಾವೆಸನ್ (ಲೈನ್ ಸಿಕ್ಕಿಸೋ ಪಟ್ಟಿ), 7–8 ಮೀಟರ್ ಲಂಜ್ ಲೈನ್, ಉದ್ದದ ಲಂಜ್ ವಿಪ್, ಸೈಡ್ ರೇನ್ಸ್ (ಬಿಟ್ಟಿಂದ ಸ್ಯಾಡಲ್ ಪಕ್ಕಕ್ಕೆ ಕಟ್ಟೋ ಪಟ್ಟಿ), ಸ್ನ್ಯಾಫಲ್ ಬ್ರೈಡಲ್ (ಸಾದಾ ಬಿಟ್ಟಿನ ತಲೆಪಟ್ಟಿ), ಹೆಲ್ಮೆಟ್. ಡ್ರೆಸಾಜ್ ಸ್ಯಾಡಲ್ ಇದ್ರೆ ಒಳ್ಳೇದು, ಇಲ್ದಿದ್ರೆ ಆಲ್ ಪರ್ಪಸ್ ಸ್ಯಾಡಲ್ ನಡೆಯತ್ತೆ, ಜಂಪಿಂಗ್ ಸ್ಯಾಡಲ್ ಮಾತ್ರ ಬೇಡ, ಅದು ಮಂಡಿನ ಮುಂದಕ್ಕೆ ತಳ್ಳತ್ತೆ. ಲೈನನ್ನ ಬಿಟ್ಟಿನ ಒಳಗಿನ ರಿಂಗಿಗೆ ಸಿಕ್ಕಿಸೋ ಅಭ್ಯಾಸ ತುಂಬಾ ಕಡೆ ಇದೆ, ದಯವಿಟ್ಟು ಬೇಡ, ಲಗಾಮು ಕೊಡದೆ ಬಾಯಿ ಉಳಿಸಿದ್ವಿ ಅಂದ್ಕೊಂಡು ಲೈನಿಂದ ಎಳೆದ್ರೆ ಏನು ಬಂತು.

ಸೈಡ್ ರೇನ್ಸ್ ಬಗ್ಗೆ ಒಂದ್ ಮಾತು. ಎರಡೂ ಕಡೆ ಒಂದೇ ಉದ್ದ, ಕುದುರೆ ಮೂಗು ಲಂಬ ರೇಖೆಗಿಂತ ಸ್ವಲ್ಪ ಮುಂದೇ ಇರೋ ಹಾಗೆ. ಗದ್ದ ಎದೆಗೆ ಬರೋ ಹಾಗೆ ಬಿಗಿದ್ರೆ ಅದು ಕಟ್ಟಿಹಾಕೋದು. ಮೊದಲು ರೈಡರ್ ಇಲ್ದೆ, ಸೈಡ್ ರೇನ್ಸ್ ಬಿಚ್ಚಿ, ಎರಡೂ ದಿಕ್ಕಿಗೆ ಕೆಲವು ನಿಮಿಷ ಓಡಾಡಿಸಿ, ಆಮೇಲೆ ಹಾಕಿ ಟ್ರಾಟ್ ಮಾಡಿಸಿ, ಆಮೇಲೆ ರೈಡರ್. ರೆಸ್ಟಿಗೆ ನಡೆಸುವಾಗೆಲ್ಲ ಬಿಚ್ಚಿ, ನಡೆಯುವಾಗ ಕುದುರೆ ಕತ್ತು ಹಿಂದೆ ಮುಂದೆ ಆಡ್ಲೇಬೇಕು. ಇಡೀ ಲೆಸನ್ 20–30 ನಿಮಿಷಕ್ಕಿಂತ ಜಾಸ್ತಿ ಬೇಡ, ಚಿಕ್ಕ ಸುತ್ತಿನಲ್ಲಿ ಓಡೋದು ಕುದುರೆ ಕಾಲಿಗೆ ಭಾರ, ರೈಡರ್ ತೊಡೇನೂ ಅಷ್ಟೊತ್ತಿಗೆ ನಡುಗ್ತಿರತ್ತೆ.

ಈಗ ಕೂರೋದು. ಸ್ಯಾಡಲ್ ತಗ್ಗಾಗಿರೋ ಜಾಗದಲ್ಲಿ ಕೂತು ಎರಡೂ ಕೂರೋ ಮೂಳೆ ಮೇಲೆ ಸಮವಾಗಿ ಭಾರ ಬಿಡಿ. ಒಂದೊಂದೇ ಕಾಲನ್ನ ಸೊಂಟದಿಂದ ಪಕ್ಕಕ್ಕೆ ಎತ್ತಿ, ತೊಡೆ ಹಿಂದಿನ ಮಾಂಸಾನ ಕೈಯಿಂದ ಹಿಂದಕ್ಕೆ ಎಳೆದು ಬಿಡಿ, ಆಗ ತೊಡೆ ಚಪ್ಪಟೆಯಾಗಿ ಸ್ಯಾಡಲ್ಲಿಗೆ ಅಂಟತ್ತೆ. ಪಕ್ಕದಿಂದ ನೋಡಿದ್ರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಬರ್ಬೇಕು. ಮಂಡಿಯಿಂದ ಅವುಚಿಕೊಳ್ಳೋದು ಬೇಡ, ಮಂಡಿ ಬಿಗಿದ ಕ್ಷಣ ನೀವು ಸ್ಯಾಡಲ್ಲಿಂದ ಮೇಲಕ್ಕೆ ಹೋಗ್ತೀರಿ.

ವಾಕಲ್ಲಿ ಮಾಡೋ ಒಂದು ಎಕ್ಸರ್ಸೈಜ್ ಇದೆ, ನನ್ನ ಪ್ರಕಾರ ಇಡೀ ಡ್ರೆಸಾಜಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಕಣ್ಣು ಮುಚ್ಚಿ. ಕುದುರೆ ಎಡ ಹಿಂಗಾಲು ಎತ್ತಿ ಮುಂದಕ್ಕೆ ತರುವಾಗ ಅದರ ಬೆನ್ನು ಎಡಗಡೆ ಸ್ವಲ್ಪ ಇಳಿಯತ್ತೆ, ನಿಮ್ಮ ಎಡ ಸೊಂಟಾನೂ ಜೊತೆಗೇ ಇಳಿಯತ್ತೆ, ಹೊಟ್ಟೆ ಬಲಕ್ಕೆ ತೂಗತ್ತೆ. ಅದು ಗೊತ್ತಾದಾಗೆಲ್ಲ ಜೋರಾಗಿ "ಎಡ", "ಬಲ" ಅಂತ ಹೇಳ್ತಾ ಹೋಗಿ, ಕಲಿಸೋರು ನೆಲದ ಮೇಲಿಂದ ನೋಡಿ ಸರೀನಾ ತಪ್ಪಾ ಹೇಳ್ತಾರೆ. ಶುರುನಲ್ಲಿ ತಪ್ಪಾಗತ್ತೆ, ಆಮೇಲೆ ಒಂದಿನ ಥಟ್ಟಂತ ಹಿಡಿತಕ್ಕೆ ಸಿಗತ್ತೆ. ಇದು ಯಾಕೆ ಬೇಕು ಅಂದ್ರೆ, ಮುಂದೆ ನೀವು ಕಾಲಿಂದ ಕೊಡೋ ಸೂಚನೆಗೆ ಕುದುರೆ ಉತ್ತರ ಕೊಡೋಕಾಗೋದು ಆ ಕಡೆ ಹಿಂಗಾಲು ಗಾಳಿಯಲ್ಲಿದ್ದಾಗ ಮಾತ್ರ, ನೆಲಕ್ಕೆ ಊರಿದ ಕಾಲನ್ನ ಯಾವ ಕುದುರೆಯೂ ಮುಂದಿಡೋಕಾಗಲ್ಲ.

ಟ್ರಾಟ್ ಎರಡು ಬೀಟಿನ ನಡೆ, ಮೂಲೆಯಿಂದ ಮೂಲೆಗೆ ಕಾಲು ಜೋಡಿಯಾಗಿ ಬೀಳತ್ತೆ, ಮಧ್ಯೆ ಒಂದು ಕ್ಷಣ ಗಾಳಿಯಲ್ಲಿರತ್ತೆ, ಅದಕ್ಕೇ ಎಗರಿಸೋದು. ಎಲ್ರೂ ಮಾಡೋ ತಪ್ಪು ಮೈ ಗಟ್ಟಿ ಹಿಡಿದು ಅಲುಗಾಡದೆ ಕೂರೋಕೆ ನೋಡೋದು. ತಲೆ ಮೇಲೆ ತುಂಬಿದ ಕೊಡ ಹೊತ್ತು ಬರೋರನ್ನ ನೋಡಿದೀರಲ್ಲ, ಕೊಡ ಅಲ್ಲಾಡಲ್ಲ, ಆದ್ರೆ ಸೊಂಟ ಪ್ರತಿ ಹೆಜ್ಜೆಗೂ ಆಡ್ತಿರತ್ತೆ, ಕೊಡ ನಿಂತಿರೋದೇ ಅದರಿಂದ. ಇಲ್ಲೂ ಅಷ್ಟೇ, ಸೊಂಟ ಕುದುರೆ ಬೆನ್ನಿನ ಜೊತೆ ಹೋಗ್ಬೇಕು, ಹೊಕ್ಕುಳಿಂದ ಮೇಲೆ ನೆಟ್ಟಗೆ. ಹೊರಗಿನ (ಸುತ್ತಿನ ಆಚೆ ಕಡೆಯ) ಕೈಯಿಂದ ಸ್ಯಾಡಲ್ ಮುಂದಿನ ಅಂಚು ಹಿಡಿದು ನಿಮ್ಮನ್ನ ನೀವೇ ಸ್ಯಾಡಲ್ಲಿನೊಳಗೆ ಎಳ್ಕೊಳ್ಳಿ, ಸುತ್ತಿನಲ್ಲಿ ಮೈ ಹೊರಗಡೆ ಜಾರೋಕೆ ನೋಡತ್ತೆ, ಒಳಗಿನ ಮೂಳೆ ಮೇಲೆ ಭಾರ ಇರೋ ಹಾಗೆ ನೋಡ್ಕೊಳ್ಳಿ. ಹತ್ತು ಹನ್ನೆರಡು ಹೆಜ್ಜೆ ಚೆನ್ನಾಗಿ ಬಂತಾ, ವಾಕ್. ಎಗರೋಕೆ ಶುರುವಾಯ್ತಾ, ಆಗಲೂ ವಾಕ್. ಎಗರ್ತಾ ಹತ್ತು ಸುತ್ತು ಹಾಕಿದ್ರೆ ನೀವು ಕಲಿಯೋದು ಎಗರೋದನ್ನೇ.

ಉಸಿರು ಕಟ್ಟೋರು ಜಾಸ್ತಿ. ಅವರಿಗೆ ಮಾತಾಡ್ಸಿ, ಮಗ್ಗಿ ಹೇಳ್ಸಿ, ಹಾಡಿಸಿ, ಬಾಯಿ ಬಿಟ್ಟ ಮೇಲೆ ಉಸಿರು ತಾನಾಗೇ ಬರತ್ತೆ. ಬ್ಯಾಲೆನ್ಸ್ ಬಂದ ಮೇಲೆ ಕೈ ಪಕ್ಕಕ್ಕೆ ಚಾಚಿ ಸೊಂಟ ತಿರುಗಿಸೋದು, ಒಂದು ಕೈ ದೊಡ್ಡದಾಗಿ ಹಿಂದಕ್ಕೆ ತಿರುಗಿಸೋದು, ಪಾದ ಗಿರಗಿರ ಸುತ್ತಿಸೋದು, ಇವನ್ನೆಲ್ಲ ವಾಕಲ್ಲಿ ಶುರು ಮಾಡಿ ಟ್ರಾಟಿಗೆ ತನ್ನಿ.

ನಡುವೆ ನಿಂತು ಕಲಿಸೋರಿಗೆ

ಒಂದು ಸಲಕ್ಕೆ ಒಂದೇ ತಿದ್ದುಪಡಿ ಹೇಳಿ. "ಹೀಲ್ಸ್ ಡೌನ್, ತಲೆ ಮೇಲೆ, ಭುಜ ಹಿಂದೆ, ಕೈ ಕೆಳಗೆ" ಅಂತ ಒಂದೇ ಉಸಿರಲ್ಲಿ ಕೂಗಿದ್ರೆ ಮೇಲಿರೋರಿಗೆ ಏನೂ ಕೇಳ್ಸಲ್ಲ, ಮೈ ಮಾತ್ರ ಇನ್ನಷ್ಟು ಬಿಗಿಯತ್ತೆ. ಅದರಲ್ಲೂ ಈ ಹೀಲ್ಸ್ ಡೌನ್ ಅನ್ನೋದು ನಮ್ಮ ರೈಡಿಂಗ್ ಸ್ಕೂಲ್‌ಗಳ ಮಂತ್ರ ಆಗಿಹೋಗಿದೆ, ಹಿಮ್ಮಡಿ ಬಲವಂತವಾಗಿ ಒತ್ತಿದ್ರೆ ಕಣಕಾಲು ಲಾಕ್ ಆಗತ್ತೆ, ಕಾಲು ಮುಂದಕ್ಕೆ ಹೋಗತ್ತೆ. ಸೊಂಟದ ಕೀಲು ಸಡಿಲ ಆದ್ರೆ ಹಿಮ್ಮಡಿ ತಾನಾಗೇ ಇಳಿಯತ್ತೆ. ತಪ್ಪು ಕಾಣೋ ಜಾಗ ಒಂದು, ಹುಟ್ಟೋ ಜಾಗ ಇನ್ನೊಂದು, ಕಲಿಸೋರ ಕಣ್ಣು ಹುಟ್ಟೋ ಜಾಗದ ಮೇಲಿರ್ಬೇಕು.

ಎಡಕ್ಕೆ ಸುತ್ತುವಾಗ ಲೈನ್ ಎಡಗೈಲಿ, ವಿಪ್ ಬಲಗೈಲಿ ಹಿಂಗಾಲಿನ ಕಡೆ ತೋರಿಸ್ತಾ ಇರ್ಲಿ, ಹೊಡೆಯೋಕಲ್ಲ. ಲೈನ್ ಕೈಗೆ ಸುತ್ಕೊಳ್ಬೇಡಿ, ಕುದುರೆ ಬೆದರಿ ಓಡಿದ್ರೆ ಬೆರಳು ಹೋಗತ್ತೆ. ರೈಡರ್ ನೋಡೋದ್ರ ಜೊತೆ ಕುದುರೆ ಮುಖಾನೂ ನೋಡ್ತಿರಿ: ಕಿವಿ ಹಿಂದಕ್ಕೆ ಅಂಟಿದ್ಯಾ, ಬಾಲ ಜಾಡಿಸ್ತಿದ್ಯಾ, ಮೂಗಿನ ಹೊಳ್ಳೆ ಬಿಗಿದಿದ್ಯಾ. ರೈಡರ್ ಸರಿಯಾಗಿ ಕೂತಾಗ ಕುದುರೆ ಬುಸ್ ಅಂತ ಮೂಗಿಂದ ಉಸಿರು ಬಿಟ್ಟು ಕತ್ತು ಇಳಿಸತ್ತೆ, ಆ ಕ್ಷಣಾನೇ "ಹಾಂ, ಇದೇ" ಅನ್ನಿ, ಅರ್ಧ ನಿಮಿಷ ಬಿಟ್ಟು ಹೊಗಳಿದ್ರೆ ಯಾವುದಕ್ಕೆ ಹೊಗಳಿದ್ರು ಅಂತ ಅವರಿಗೆ ಗೊತ್ತಾಗಲ್ಲ.

ಲಗಾಮು ಕೈಗೆ ಬಂದ ಮೇಲೆ

ಲಂಜ್ ಮೇಲೆ ಕೈ ಎರಡೂ ಬಿಟ್ಟು ಟ್ರಾಟಲ್ಲಿ ಆರಾಮಾಗಿ ಕೂರೋಕೆ ಬಂದ್ರೆ ಲಗಾಮು ತಗೊಳ್ಳಿ. ಕಿರುಬೆರಳು ಮತ್ತೆ ಉಂಗುರದ ಬೆರಳಿನ ನಡುವೆ ಬಂದು ಹೆಬ್ಬೆರಳ ಕೆಳಗೆ ಹೋಗ್ಬೇಕು, ಮೊಣಕೈ ಪಕ್ಕೆಗೆ ತಾಗಿಕೊಂಡು, ಮೊಣಕೈಯಿಂದ ಬಿಟ್ ತನಕ ಒಂದು ನೇರ ಗೆರೆ. ವಾಕಲ್ಲೂ ಕ್ಯಾಂಟರಲ್ಲೂ ಕುದುರೆ ತಲೆ ಆಡತ್ತೆ, ಕೈ ಅದರ ಜೊತೆ ಹೋಗಿ ಬರ್ಬೇಕು, ಟ್ರಾಟಲ್ಲಿ ತಲೆ ಹೆಚ್ಚುಕಮ್ಮಿ ನಿಂತಿರತ್ತೆ, ಕೈಯೂ ನಿಂತಿರ್ಬೇಕು.

ಆಮೇಲೆ ಹಾಫ್ ಹಾಲ್ಟ್, ಅಂದ್ರೆ ಕುದುರೆಗೆ 'ಗಮನ ಕೊಡು, ಬ್ಯಾಲೆನ್ಸ್ ಸರಿ ಮಾಡ್ಕೋ' ಅನ್ನೋ ಚಿಕ್ಕ ಸೂಚನೆ. ಇದನ್ನ ದೊಡ್ಡ ರಹಸ್ಯದ ಥರ ಹೇಳ್ತಾರೆ, ಅಷ್ಟೇನಿಲ್ಲ. ಬೆನ್ನು ಉದ್ದ ಮಾಡಿ ಕೂರಿ, ಎರಡೂ ಕಾಲು ಮೆಲ್ಲಗೆ ಕುದುರೆ ಪಕ್ಕೆಗೆ ಒತ್ತಿ, ಹೊರಗಿನ ಕೈ ಬೆರಳು ಒಂದು ಕ್ಷಣ ಮುಷ್ಟಿ ಮಾಡಿ, ಬಿಡಿ. ಇಡೀದು ಒಂದು ಹೆಜ್ಜೆಯಷ್ಟು ಹೊತ್ತು. ಕುದುರೆ ಕಲಿಯೋದು ಹಿಡಿದಾಗ ಅಲ್ಲ, ಬಿಟ್ಟಾಗ. ಹಿಡಿದೇ ಇಟ್ಟರೆ ಅದು ಹಾಫ್ ಹಾಲ್ಟ್ ಅಲ್ಲ, ಜಗ್ಗಾಟ, ಮತ್ತೆ ಐನೂರು ಕೇಜಿ ಪ್ರಾಣಿ ಜೊತೆ ಜಗ್ಗಾಟದಲ್ಲಿ ಗೆಲ್ಲೋದು ಯಾರು ಅಂತ ಹೇಳ್ಬೇಕಾ.

ರೀಲ್ಸಲ್ಲಿ ಮೂಗು ಎದೆಗೆ ಮಡಚಿ, ಜೊಲ್ಲು ಸುರಿಸ್ತಾ ಕಾಲು ಕುಣಿಸೋ ಕುದುರೆಗಳನ್ನ ನೋಡಿ ಅದೇ ಡ್ರೆಸಾಜ್ ಅಂದ್ಕೋಬೇಡಿ. ಅಂತರರಾಷ್ಟ್ರೀಯ ರೂಲ್ಸ್ ಪ್ರಕಾರಾನೂ ಕತ್ತಿನ ತುದಿ ಅತಿ ಎತ್ತರದ ಜಾಗ ಆಗಿರ್ಬೇಕು, ಮೂಗು ಲಂಬಕ್ಕಿಂತ ಸ್ವಲ್ಪ ಮುಂದಿರ್ಬೇಕು. ಕಲೆಕ್ಷನ್, ಅಂದ್ರೆ ಕುದುರೆ ಮೈ ಒಟ್ಟುಗೂಡಿಸ್ಕೊಳ್ಳೋದು, ಆಗೋದು ಹಿಂಗಾಲಲ್ಲಿ, ಸೊಂಟ ಇಳಿದು ಹಿಂಭಾಗ ಭಾರ ಹೊತ್ತಾಗ, ಮುಂದೆ ತಲೆ ಕಟ್ಟಿದ್ರೆ ಬರೋದು ಬರೀ ಅದರ ವೇಷ.

ಅರೀನಾ ಕೆಲಸ ಶುರು ಮಾಡೋರು 20 ಮೀಟರ್ ಸರ್ಕಲ್ಲನ್ನ ಸರಿಯಾಗಿ ಮಾಡಿದ್ರೆ ಸಾಕು, ತುಂಬಾ ಜನಕ್ಕೆ ಅದೇ ಬರಲ್ಲ. 20×40 ಮೀಟರ್ ಅರೀನಾದ ಸುತ್ತ ಅಕ್ಷರದ ಗುರುತಿರತ್ತೆ, ಚಿಕ್ಕ ಗೋಡೆ ನಡುವಿನ ಎ ಅಕ್ಷರದಿಂದ ಹೊರಟರೆ ಸರ್ಕಲ್ ನಾಲ್ಕು ಜಾಗ ಮುಟ್ಟತ್ತೆ: ಎ, ಒಂದು ಉದ್ದ ಗೋಡೆ ಮೇಲೆ ಮೂಲೆಯಿಂದ 10 ಮೀಟರ್, ನಟ್ಟನಡುವಿನ ಎಕ್ಸ್, ಇನ್ನೊಂದು ಗೋಡೆ ಮೇಲೆ ಅಷ್ಟೇ ದೂರ. ಉದ್ದ ಗೋಡೆಗಳ ಮೇಲಿನ ಕೆ ಮತ್ತೆ ಎಫ್ ಅಕ್ಷರ ಮೂಲೆಯಿಂದ 6 ಮೀಟರ್‌ಗೆ ಇರತ್ತೆ, ಅಂದ್ರೆ ಅದನ್ನ ದಾಟಿ 4 ಮೀಟರ್, ಅಕ್ಷರದ ಹತ್ರಾನೇ ಅಲ್ಲ. ನಾಲ್ಕು ಕೋನ್ ಇಟ್ಟು ಮಾಡಿ ನೋಡಿ, ನಿಮ್ಮ ಸರ್ಕಲ್ ಎಲ್ಲಿ ಮೊಟ್ಟೆ ಆಗ್ತಿದೆ ಗೊತ್ತಾಗತ್ತೆ. ಅದೇ ಸರ್ಕಲ್ ಮೇಲೆ ವಾಕ್–ಟ್ರಾಟ್–ವಾಕ್ ಬದಲಾವಣೆ ಮಾಡ್ತಾ ಹೋಗಿ, ಎರಡೂ ದಿಕ್ಕಿಗೆ.

ಶೋಲ್ಡರ್ ಇನ್

ಶೋಲ್ಡರ್ ಇನ್ ಅಂದ್ರೆ ಕುದುರೆ ಗೋಡೆ ಉದ್ದಕ್ಕೂ ಹೋಗ್ತಾ ಭುಜಾನ ಮಾತ್ರ ಸ್ವಲ್ಪ ಒಳಗೆ ತರೋದು. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಕ್ಲಾಸಿಕಲ್ ಡ್ರೆಸಾಜ್ ಅನ್ನೋದು ಒಂಥರಾ ಇದರ ಮೇಲೇ ನಿಂತಿದೆ. 18ನೇ ಶತಮಾನದ ಪ್ಯಾರಿಸ್ಸಲ್ಲಿ ಫ್ರಾಂಸ್ವಾ ರೊಬಿಶೋ ದ ಲಾ ಗೆರಿನಿಯೇರ್ ಅಂತ ಗುರು ಇದ್ರು, ಟ್ವಿಲೆರಿ ಅರಮನೆಯ ರೈಡಿಂಗ್ ಅಕಾಡೆಮಿ ನೋಡ್ಕೊಳ್ತಿದ್ರು, ಅವರ ಪುಸ್ತಕ 1733ರಲ್ಲಿ ಪೂರ್ತಿಯಾಗಿ ಬಂತು. ಅವರಿಗಿಂತ ಮುಂಚೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಡ್ಯೂಕ್ ಇದರ ಹತ್ತಿರದ್ದನ್ನ ಸುತ್ತಿನ ಮೇಲೆ ಮಾಡ್ತಿದ್ರು, ಲಾ ಗೆರಿನಿಯೇರ್ ಅದನ್ನ ಗೋಡೆ ಪಕ್ಕದ ನೇರ ಗೆರೆಗೆ ತಂದ್ರು. ವಿಯೆನ್ನಾದವರು ಇವತ್ತಿಗೂ ಅವರ ದಾರೀನೇ ಹಿಡಿದಿದ್ದಾರೆ. ವಿಯೆನ್ನಾದ ಈ ವಿದ್ಯೆ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಫ್ರಾನ್ಸಿನದ್ದು ಅದಕ್ಕೂ ಮುಂಚೆ 2011ರಲ್ಲೇ ಸೇರಿತ್ತು.

ಮಾಡೋದು ಹೀಗೆ. ಮೂಲೆ ದಾಟಿದ ತಕ್ಷಣ 10 ಮೀಟರ್ ಚಿಕ್ಕ ಸರ್ಕಲ್ ಮಾಡಿ, ಕುದುರೆ ಮೈ ಬಾಗಿರತ್ತೆ. ಗೋಡೆಗೆ ವಾಪಸ್ ಬಂದು ಎರಡನೇ ಸರ್ಕಲ್ ಶುರು ಮಾಡೋ ಹಾಗೆ ಮೊದಲ ಹೆಜ್ಜೆ ಇಡಿಸಿ, ಮುಂಗಾಲು ಗೋಡೆ ಬಿಟ್ಟು ಒಳಗೆ ಬಂತು ಅನ್ನುವಾಗ ಹೊರಗಿನ ಲಗಾಮಲ್ಲಿ ಒಂದು ಹಾಫ್ ಹಾಲ್ಟ್, ನಿಮ್ಮ ಒಳಗಿನ ಕಾಲು ಗರ್ತ್ (ಸ್ಯಾಡಲ್ಲಿನ ಹೊಟ್ಟೆ ಪಟ್ಟಿ) ಹತ್ರ ಒತ್ತಿ, ಸರ್ಕಲ್ ಕಡೆ ಹೋಗ್ಬೇಡ, ಗೋಡೆ ಉದ್ದಕ್ಕೂ ಹೋಗು ಅಂತ. ಹೊರಗಿನ ಕಾಲು ಸ್ವಲ್ಪ ಹಿಂದೆ, ಸೊಂಟ ಆಚೆ ಜಾರದ ಹಾಗೆ ಕಾವಲು. ನಿಮ್ಮ ಭುಜ ಕುದುರೆ ಭುಜದ ಜೊತೆ ತಿರುಗಿರ್ಲಿ, ಕಣ್ಣು ಮಾತ್ರ ಗೋಡೆ ಉದ್ದಕ್ಕೆ.

ಕಲಿಸೋರು ಉದ್ದ ಗೋಡೆಯ ಕೊನೆಗೆ ಹೋಗಿ ಎದುರಿಂದ ನೋಡ್ಬೇಕು, ಪಕ್ಕದಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಎದುರಿಂದ ಮೂರು ಗೆರೆ ಕಾಣ್ಬೇಕು: ಹೊರಗಿನ ಹಿಂಗಾಲು ಗೋಡೆ ಪಕ್ಕ, ಒಳಗಿನ ಹಿಂಗಾಲು ಮತ್ತೆ ಹೊರಗಿನ ಮುಂಗಾಲು ಎರಡೂ ಮಧ್ಯದ ಗೆರೆ ಮೇಲೆ, ಒಳಗಿನ ಮುಂಗಾಲು ಅರೀನಾ ಕಡೆ. ಸುಮಾರು 30 ಡಿಗ್ರಿ ಕೋನ. ತುಂಬಾ ಸಲ ಕಾಣೋದೇನು ಅಂದ್ರೆ, ಕತ್ತು ಮಾತ್ರ ಒಳಗೆ ಬಾಗಿರತ್ತೆ, ನಾಲ್ಕೂ ಕಾಲು ಗೋಡೆ ಪಕ್ಕ ನೇರವಾಗಿ ಹೋಗ್ತಿರತ್ತೆ, ಮೇಲಿರೋರು ಮಾತ್ರ ಶೋಲ್ಡರ್ ಇನ್ ಮಾಡಿದೆ ಅಂತ ಖುಷಿಯಾಗಿರ್ತಾರೆ. ಟೆಸ್ಟ್ ಸುಲಭ: ಒಳಗಿನ ಲಗಾಮು ಎರಡು ಹೆಜ್ಜೆ ಪೂರ್ತಿ ಬಿಟ್ಟುಕೊಡಿ. ಕುದುರೆ ಹಾಗೇ ಮುಂದುವರಿದ್ರೆ ಸರಿ, ನೇರ ಆಗಿಬಿಟ್ರೆ ನೀವು ಕೈಯಿಂದ ಎಳ್ಕೊಂಡು ಹೋಗ್ತಿದ್ರಿ ಅಂತ ಅರ್ಥ.

ವಾಕಲ್ಲಿ ಕಲೀರಿ, ಟ್ರಾಟಲ್ಲಿ ಅದರ ನಿಜವಾದ ಫಲ ಸಿಗತ್ತೆ. ನಾಲ್ಕೈದು ಹೆಜ್ಜೆ ಚೆನ್ನಾಗಿ ಬಂದ್ರೆ ಸಾಕು, ಸರ್ಕಲ್ಲಿಗೆ ಹೋಗಿ ಇಲ್ಲಾ ನೇರ ಮುಂದಕ್ಕೆ ಹೊರಡಿ, ಹೊಗಳಿ. ಒಳಗಿನ ಹಿಂಗಾಲು ಭಾರದ ಕೆಳಗೆ ಬಂದು ಮಡಚಿಕೊಳ್ಳತ್ತೆ, ಭುಜ ಸಡಿಲ ಆಗತ್ತೆ, ಅದಕ್ಕೇ ಇದನ್ನ ಮಾಡೋದು. ಪ್ರತಿ ಕುದುರೆಗೂ ಸುಲಭವಾಗಿ ಬಾಗೋ ಕಡೆ ಒಂದು, ಬಿರುಸಾದ ಕಡೆ ಒಂದು ಇರತ್ತೆ, ಬಿರುಸಾದ ಕಡೆಗೆ ಜಾಸ್ತಿ ಹೊತ್ತು ಹಾಕ್ಬೇಡಿ, ಜಾಸ್ತಿ ಸಲ ಚಿಕ್ಕ ಚಿಕ್ಕದಾಗಿ ಮಾಡಿ.

ಪಿಯಾಫ್ (ನಿಂತಲ್ಲೇ ಮಾಡೋ ಟ್ರಾಟ್), ಲೆವಾಡ್ (ಹಿಂಗಾಲ ಮೇಲೆ ಕೂತು ಮುಂಗಾಲು ಎತ್ತೋದು), ಕ್ಯಾಪ್ರಿಯೋಲ್ (ಮೇಲೆ ಹಾರಿ ಹಿಂಗಾಲು ಒದೆಯೋದು) ಬಗ್ಗೆ ಕೇಳ್ಬೇಡಿ. ಲೆವಾಡ್, ಕ್ಯಾಪ್ರಿಯೋಲ್ ಥರದ ಆಟಗಳನ್ನ ವಿಯೆನ್ನಾದಲ್ಲೂ ಎಲ್ಲಾ ಕುದುರೆ ಮಾಡಲ್ಲ, ಯಾವುದಕ್ಕೆ ಸಹಜವಾಗಿ ಬರತ್ತೋ ಅದಕ್ಕೆ ಮಾತ್ರ. ಅಲ್ಲಿಗೆ ಹೋಗೋ ಚಾನ್ಸ್ ಸಿಕ್ರೆ ಶೋ ಟಿಕೆಟ್ಟಿಗಿಂತ ಬೆಳಗಿನ ಪ್ರಾಕ್ಟೀಸ್ ನೋಡಿ, ಅಲ್ಲಿ ಒಂದೇ ಮೂಲೇನ ಹತ್ತು ಸಲ ತಿರುಗಿಸೋದು ಕಾಣತ್ತೆ, ಕಲಿಯೋಕೆ ಅದೇ ಬೇಕಿರೋದು.

ನಮ್ಮ ಹತ್ರ ಇರೋದು ರೇಸ್ ಕುದುರೆ, ಆಗತ್ತಾ?

ಬೆಂಗಳೂರಿನ ಕಡೆ ರೈಡಿಂಗ್ ಸ್ಕೂಲ್‌ಗಳಲ್ಲಿ ರೇಸಿಂದ ರಿಟೈರ್ ಆದ ಥರೋಬ್ರೆಡ್‌ಗಳು ತುಂಬಾ, ಅದಕ್ಕೇ ಈ ಪ್ರಶ್ನೆ ಬಂದೇ ಬರತ್ತೆ. ಆಗತ್ತೆ. ವಿಯೆನ್ನಾ ಸ್ಕೂಲನ್ನ 1939ರಿಂದ ಎರಡು ದಶಕಕ್ಕೂ ಜಾಸ್ತಿ ನಡೆಸಿದ ಅಲೋಯಿಸ್ ಪೊಡಾಯ್ಸ್ಕಿ 1936ರ ಬರ್ಲಿನ್ ಒಲಿಂಪಿಕ್ಸಲ್ಲಿ ಡ್ರೆಸಾಜ್ ಕಂಚು ಗೆದ್ದಿದ್ದು ಲಿಪಿಜಾನರ್ ಮೇಲಲ್ಲ, ನೀರೋ ಅನ್ನೋ ಥರೋಬ್ರೆಡ್ ಮೇಲೆ. ಆದ್ರೆ ರೇಸ್ ಕುದುರೆಗೆ ಲಗಾಮು ಬಿಗಿಯಾದ್ರೆ ಅದನ್ನ ಆತುಕೊಂಡು ಓಡು ಅಂತ ಅರ್ಥ, ಉದ್ದಕ್ಕೆ ಇಳಿಬಿಟ್ಟ ಕಾಲು ಹೊಟ್ಟೆಗೆ ತಾಗಿದ್ರೆ ಗಾಬರಿ. ಅದಕ್ಕೆ ಕೆಲವು ತಿಂಗಳು ಉದ್ದ ಲಗಾಮಲ್ಲಿ ವಾಕ್, ದೊಡ್ಡ ಸರ್ಕಲ್, ತುಂಬಾ ಟ್ರಾನ್ಸಿಷನ್ (ನಡೆ ಬದಲಾವಣೆ), ಕಾಲನ್ನ ಮೆಲ್ಲಗೆ ತಾಗಿಸಿಕೊಂಡೇ ಇರೋದು, ಅಷ್ಟೇ ಮಾಡಿ. ಹೊಸಬರ ಲಂಜ್ ಲೆಸನ್ನಿಗೆ ಅಂತೂ ಈಗಷ್ಟೇ ರೇಸಿಂದ ಬಂದ ಕುದುರೆ ಬೇಡವೇ ಬೇಡ.

ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸಲ್ಲಿ ಬೆಳ್ಳಿ ಗೆದ್ದು, ಆಮೇಲೆ ಟೋಕಿಯೋ ಒಲಿಂಪಿಕ್ಸಿಗೆ ಹೋಗಿದ್ದು ಈವೆಂಟಿಂಗಲ್ಲಿ (ಡ್ರೆಸಾಜ್, ಕ್ರಾಸ್ ಕಂಟ್ರಿ, ಜಂಪಿಂಗ್ ಮೂರೂ ಸೇರಿದ ಸ್ಪರ್ಧೆ), ಅದರಲ್ಲೂ ಮೊದಲ ಸುತ್ತು ಡ್ರೆಸಾಜೇ. ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ, ಅಂದ್ರೆ 2023ರಲ್ಲಿ, ಭಾರತದ ಡ್ರೆಸಾಜ್ ಟೀಮ್ ಚಿನ್ನಾನೇ ತಂತು, ಆದ್ರೆ ಆ ನಾಲ್ವರೂ ಯೂರೋಪಲ್ಲಿದ್ದು ಟ್ರೈನಿಂಗ್ ತಗೊಂಡೋರು. ಇಲ್ಲೇ ಕಲಿಸೋರು ಜಾಸ್ತಿ ಆಗ್ಬೇಕು ಅನ್ನೋದು ನನ್ನ ಹಠ, ಅದಕ್ಕೇ ಇಷ್ಟು ಉದ್ದ ಬರೆದಿದ್ದು.

ಲೆಸನ್ ಮುಗಿಸೋದು

ಟ್ರಾಟ್ ಮಾಡ್ತಾ ಬೆರಳು ಸಡಿಲಿಸಿ, ಕುದುರೆ ಲಗಾಮನ್ನ ಮೆಲ್ಲಗೆ ಜಗಿದು ಕೆಳಕ್ಕೆ ಮುಂದಕ್ಕೆ ಎಳ್ಕೊಂಡು ಹೋಗೋಕೆ ಬಿಡಿ. ಕತ್ತು ಇಳಿಸಿ ಬೆನ್ನು ಎತ್ತಿದ್ರೆ ಇವತ್ತಿನ ಕೆಲಸ ಸರಿಯಾಗಿತ್ತು, ಲಗಾಮು ಕಿತ್ಕೊಂಡು ತಲೆ ಮೇಲಕ್ಕೆ ಎಸೆದ್ರೆ ಎಲ್ಲೋ ಬಿಗಿದಿದೀರಿ, ನಾಳೆ ಕಮ್ಮಿ ಮಾಡಿ. ವಾಕಲ್ಲಿ ಉಸಿರು ಇಳಿಯೋ ತನಕ ನಡೆಸಿ, ಇಳೀರಿ, ಗರ್ತ್ ಎರಡು ತೂತು ಸಡಿಲ ಮಾಡಿ. ವಿಯೆನ್ನಾ ರೈಡರ್ಸ್ ಕೋಟಿನ ಬಾಲದ ಜೇಬಲ್ಲಿ ಸಕ್ಕರೆ ಇಟ್ಕೊಂಡಿರ್ತಾರೆ, ನಮ್ಮಲ್ಲಿ ಬೆಲ್ಲದ ಚೂರು ನಡೆಯತ್ತೆ, ಒಂದೇ ಚೂರು. ಸ್ಯಾಡಲ್ ತೆಗೆದ ಮೇಲೆ ಬೆನ್ನಿನ ಬೆವರು ನೋಡಿ: ಎರಡೂ ಕಡೆ ಒಂದೇ ಥರ ಒದ್ದೆಯಾಗಿರ್ಬೇಕು. ಆ ಒದ್ದೆ ಜಾಗದ ಮಧ್ಯೆ ಎಲ್ಲಾದ್ರೂ ಅಂಗೈ ಅಗಲ ಒಣ ಕಲೆ ಕಂಡ್ರೆ ಅಲ್ಲಿ ಸ್ಯಾಡಲ್ ಒತ್ತುತ್ತಿರಬಹುದು, ಫಿಟ್ಟಿಂಗ್ ತೋರಿಸಿ, ಅಲ್ಲಿ ತನಕ ಆ ಸ್ಯಾಡಲಲ್ಲಿ ಸಿಟ್ಟಿಂಗ್ ಟ್ರಾಟ್ ಬೇಡ.